ಆಮದು ವ್ಯಾನಿನ ಡೀಸೆಲ್ ಎಂಜಿನ್ನಿನಲ್ಲಿ ಸಿಲಿಂಡರ್ ಹೆಡ್ ದೋಷ: ಪತ್ತೆ ಮತ್ತು ದುರಸ್ತಿ

ಹೊರದೇಶದಿಂದ ಬಂದ ಹಳೆಯ ಡೀಸೆಲ್ ವ್ಯಾನು ಬೆಳಗಾವಿಯ ಗ್ಯಾರೇಜೊಂದರ ಮುಂದೆ ಹೊಗೆ ಉಗುಳುತ್ತ ಬಂದು ನಿಂತರೆ, ಬಾನೆಟ್ಟಿಗೆ ಕೈ ಹಾಕುವ ಮೊದಲೇ "ಹೆಡ್ ಹೋಗೇದ್ರಿ" ಎಂಬ ತೀರ್ಪು ಬಂದುಬಿಡುತ್ತದೆ. ಆ ತೀರ್ಪು ಹಲವು ಸಲ ನಿಜವೂ ಆಗಿರುತ್ತದೆ. ಆದರೆ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ, ತಾನಾಗಿ ಹಾಳಾಗುವುದು ಅಪರೂಪ. ಬೇರೆಲ್ಲಿಯೋ ಹುಟ್ಟಿದ ತೊಂದರೆಯ ಪೆಟ್ಟನ್ನು ಅದು ತಿಂದಿರುತ್ತದೆ. ಆ ಮೂಲ ತೊಂದರೆಯನ್ನು ಹುಡುಕದೆ ಹೆಡ್ಡನ್ನು ಮಾತ್ರ ಸರಿಪಡಿಸಿದರೆ ಹೊಸ ಹೆಡ್ಡಿಗೂ ಅದೇ ಗತಿ. ಆದ್ದರಿಂದ ಈ ಕೈಪಿಡಿಯಲ್ಲಿ ಪಾನಾ ಹಿಡಿಯುವ ಕೆಲಸಕ್ಕಿಂತ ಅದಕ್ಕೂ ಮೊದಲಿನ ಪರೀಕ್ಷೆಗಳಿಗೆ ಹೆಚ್ಚು ಜಾಗ ಕೊಡಲಾಗಿದೆ.

ಉದಾಹರಣೆಗೆ ಇಟ್ಟುಕೊಂಡಿರುವುದು ಮಿತ್ಸುಬಿಷಿ ಡೆಲಿಕಾ ಎಲ್300 ಮಾದರಿಯ ವ್ಯಾನುಗಳಲ್ಲಿರುವ 2,477 ಸಿಸಿಯ 4ಡಿ56 ಟರ್ಬೊ ಡೀಸೆಲ್ ಎಂಜಿನ್ನನ್ನು. ಇದೇ ವಂಶದ ಎಂಜಿನ್ನು ಡಿ4ಬಿಹೆಚ್ ಎಂಬ ಹೆಸರಿನಲ್ಲಿ ಹ್ಯುಂಡೈ ಸ್ಟಾರೆಕ್ಸ್ ವ್ಯಾನುಗಳಲ್ಲಿಯೂ ಇದೆ. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್ಡು, ಹೆಡ್ಡಿನ ಮೇಲೆಯೇ ಕೂತ ಕ್ಯಾಮ್ ಶಾಫ್ಟ್, ಅದನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಇದರ ರಚನೆ. ನಾಜಲ್ ಡೀಸೆಲ್ಲನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಸಿಂಪಡಿಸುವುದಿಲ್ಲ. ಹೆಡ್ಡಿನೊಳಗೆ ಕೂರಿಸಿದ ಪುಟ್ಟ ಸುಳಿಕೋಣೆಯೊಳಗೆ ಸಿಂಪಡಿಸುತ್ತದೆ, ಬೆಂಕಿ ಅಲ್ಲಿ ಹೊತ್ತಿಕೊಂಡು ಕಿರಿದಾದ ಬಾಯಿಯಿಂದ ಸಿಲಿಂಡರಿಗೆ ನುಗ್ಗುತ್ತದೆ. ಈ ಕೋಣೆಯ ಬಾಯಿ, ಅದರ ಪಕ್ಕದಲ್ಲಿ ವಾಲ್ವುಗಳು ಬಂದು ಕೂರುವ ಎರಡು ಬಳೆಗಳು (ವಾಲ್ವ್ ಸೀಟುಗಳು), ಅವುಗಳ ನಡುವಿನ ಸಣ್ಣ ಅಲ್ಯೂಮಿನಿಯಂ ಪಟ್ಟಿ, ಇಷ್ಟೇ ಜಾಗದಲ್ಲಿ ಇಡೀ ಎಂಜಿನ್ನಿನ ಅತಿ ಹೆಚ್ಚು ಕಾವು ಸೇರುತ್ತದೆ. ಬಿರುಕು ಮೊದಲು ಕಾಣಿಸುವುದು ಅಲ್ಲಿಯೇ. ಕಾವೇರಿದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿದು ಹಿಡಿದಿರುವ ಹೆಡ್ಡಿಗೆ ಹಿಗ್ಗಲು ಜಾಗವಿಲ್ಲದೆ ಅದು ಬಾಗುತ್ತದೆ, ತಣಿದಾಗ ಸೀಳುತ್ತದೆ.

ಈ ವ್ಯಾನುಗಳಲ್ಲಿ ಇನ್ನೊಂದು ತೊಡಕಿದೆ. ಎಂಜಿನ್ನು ಮುಂದಿನ ಸೀಟುಗಳ ಕೆಳಗಿದ್ದು ರೇಡಿಯೇಟರ್ ಅದಕ್ಕಿಂತ ಮುಂದೆ ಇರುವುದರಿಂದ ನೀರಿನ ಕೊಳವೆಗಳು ಉದ್ದ, ಬಿಸಿ ಗಾಳಿಗೆ ಹೊರಹೋಗಲು ದಾರಿ ಕಡಿಮೆ. ಹಿಂದಿನ ಸೀಟಿನವರಿಗಾಗಿ ಹೀಟರ್ ಇದ್ದರೆ ಅದರ ಕೊಳವೆಗಳು ನೆಲದಡಿಯಲ್ಲಿ ಹಿಂದಿನವರೆಗೆ ಹೋಗಿರುತ್ತವೆ. ಅವು ತುಕ್ಕು ಹಿಡಿದು ಸೋರಿದರೆ ಸೀಟಿನಲ್ಲಿ ಕೂತವರಿಗೆ ತಿಳಿಯುವುದೇ ಇಲ್ಲ. ನಮ್ಮ ಊರುಗಳ ಬೇಸಿಗೆಯಲ್ಲಿ ಯಾರೂ ಬಳಸದ ಆ ಹೀಟರಿನ ಕೊಳವೆಯಿಂದ ನೀರು ಹೋಗಿ ಹೆಡ್ಡು ಸುಟ್ಟ ಉದಾಹರಣೆಗಳಿವೆ.

ಚಾಲಕನನ್ನು ಕೇಳಬೇಕಾದ ಪ್ರಶ್ನೆಗಳು

ಗಾಡಿ ಯಾವಾಗ ಬಿಸಿಯಾಗುತ್ತದೆ ಎಂಬ ಒಂದೇ ಪ್ರಶ್ನೆ ಅರ್ಧ ದಾರಿ ತೋರಿಸುತ್ತದೆ. ಮಾರುಕಟ್ಟೆಯ ದಟ್ಟಣೆಯಲ್ಲಿ ನಿಂತಾಗ ಕಾವು ತೋರಿಸುವ ಮುಳ್ಳು ಮೇಲೇರಿ, ಊರು ದಾಟಿ ಓಡತೊಡಗಿದ ಮೇಲೆ ಇಳಿದರೆ ದೋಷ ಫ್ಯಾನಿನದು: ಫ್ಯಾನನ್ನು ತಿರುಗಿಸುವ ವಿಸ್ಕಸ್ ಕಪ್ಲಿಂಗ್ ಸಡಿಲಾಗಿರಬಹುದು, ಬೆಲ್ಟ್ ಜಾರುತ್ತಿರಬಹುದು, ಫ್ಯಾನಿನ ಸುತ್ತಲಿನ ಕವಚವನ್ನು (ಶ್ರೌಡ್) ಯಾರೋ ಬಿಚ್ಚಿ ಎಸೆದಿರಬಹುದು. ಸಪಾಟು ರಸ್ತೆಯಲ್ಲಿ ವೇಗವಾಗಿ ಓಡುವಾಗಲೇ ಬಿಸಿಯಾದರೆ ರೇಡಿಯೇಟರಿನೊಳಗೆ ನೀರಿನ ಹರಿವು ಸಾಲುತ್ತಿಲ್ಲ ಎಂದರ್ಥ. ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಮರಳುವಾಗ ಅಥವಾ ರಾಷ್ಟ್ರೀಯ ಹೆದ್ದಾರಿ 48ರ ವಂಟಮೂರಿ ಘಾಟಿನಲ್ಲಿ ಪೂರ್ಣ ಭಾರ ಹೊತ್ತು ಏರುವಾಗ ಮಾತ್ರ ಬಿಸಿಯಾದರೆ ಅರ್ಧ ಕಟ್ಟಿದ ರೇಡಿಯೇಟರ್, ಹೆಚ್ಚು ಡೀಸೆಲ್ ಬಿಡುತ್ತಿರುವ ಪಂಪ್, ಇಲ್ಲವೆ ನೀರಿಗೆ ಸೇರುತ್ತಿರುವ ದಹನದ ಗಾಳಿ, ಈ ಮೂರನ್ನೂ ಶಂಕಿಸಬೇಕು. ಬಿಸಿಯೇ ಆಗದೆ ನೀರು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದು ಬೇರೆ ಬಗೆಯ ದೋಷ, ಹೆಚ್ಚು ತಾಳ್ಮೆ ಬೇಡುವಂಥದ್ದು.

ಈ ಮೊದಲು ಹೆಡ್ಡು ಬಿಚ್ಚಲಾಗಿತ್ತೇ, ಅದರ ಮುಖವನ್ನು ಕೊರೆದು ಸಪಾಟು ಮಾಡುವ ಫೇಸಿಂಗ್ ಮಾಡಿಸಲಾಗಿತ್ತೇ, ರೇಡಿಯೇಟರಿಗೆ ಯಾವ ನೀರು ಹಾಕುತ್ತಾರೆ, ನೀರು ಕಾಯ್ದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಇನ್ನೂ ಇದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಮುಳ್ಳು ಒಮ್ಮೆ ಮೇಲೇರಿ ಆಮೇಲೆ ಇದ್ದಕ್ಕಿದ್ದಂತೆ ಕೆಳಗಿಳಿಯಿತು ಎಂದು ಚಾಲಕ ಹೇಳಿದರೆ ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿಯಬಾರದು. ನೀರಿನ ಮಟ್ಟ ಸೆನ್ಸರಿಗಿಂತ ಕೆಳಗೆ ಹೋದಾಗ ಸೆನ್ಸರ್ ಹಬೆಯಲ್ಲಿ ತೂಗುತ್ತಿರುತ್ತದೆ, ಅದು ಸರಿಯಾದ ಕಾವನ್ನು ತೋರಿಸುವುದಿಲ್ಲ. ಎಂಜಿನ್ನು ನಿಜಕ್ಕೂ ಸುಡುವುದು ಆ ಹೊತ್ತಿನಲ್ಲಿ.

ಲಕ್ಷಣಗಳನ್ನು ಬೇರ್ಪಡಿಸುವುದು

ಬಿಳಿ ಹೊಗೆ ಎಲ್ಲವೂ ಒಂದೇ ಅಲ್ಲ. ಸೈಲೆನ್ಸರಿನಿಂದ ಬರುವ ನೀರಿನ ಹಬೆ ಗಾಳಿಯಲ್ಲಿ ಬೇಗ ಕರಗುತ್ತದೆ, ಕೂಲಂಟ್ ಬೆರೆತಿದ್ದರೆ ಸಿಹಿಯಾದ ವಾಸನೆ ಇರುತ್ತದೆ. ಉರಿಯದ ಡೀಸೆಲ್ಲಿನ ಬಿಳಿ ಹೊಗೆ ಕಣ್ಣು ಉರಿಸುತ್ತದೆ, ಬಹಳ ಹೊತ್ತು ತೂಗಾಡುತ್ತದೆ. ಅದಕ್ಕೆ ಕೆಟ್ಟ ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ನು ಚಾಲೂ ಆಗಲು ಸುಳಿಕೋಣೆಯನ್ನು ಕಾಯಿಸುವ ಪ್ಲಗ್ಗು) ಅಥವಾ ನಾಜಲ್ ಕಾರಣವೇ ಹೊರತು ಹೆಡ್ಡಲ್ಲ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಚಾಲೂ ಆದ ಕೂಡಲೇ ಕೆಲವು ಕ್ಷಣ ಒಂದು ಸಿಲಿಂಡರ್ ಕೈಕೊಟ್ಟು, ಬಿಳಿ ಹಬೆ ಬಿಟ್ಟು, ಆಮೇಲೆ ಸರಿಯಾಗಿ ನಡೆಯುತ್ತದೆ ಎಂದರೆ ರಾತ್ರಿಯೆಲ್ಲ ಆ ಸಿಲಿಂಡರಿನೊಳಗೆ ನೀರು ಜಿನುಗಿದೆ. ನಾನು ನಂಬುವ ಲಕ್ಷಣಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಆಯಿಲ್ ಮುಚ್ಚಳದ ಕೆಳಗೆ ಕಾಣುವ ಹಾಲಿನ ಬಣ್ಣದ ಕೆನೆಯನ್ನು ನೋಡಿ ಹೆದರಬೇಕಿಲ್ಲ. ಬೆಳಗಾವಿಯ ಮಳೆಗಾಲದ ತಿಂಗಳುಗಳಲ್ಲಿ, ಊರೊಳಗೆ ಸಣ್ಣ ಸಣ್ಣ ಓಡಾಟಕ್ಕೆ ಬಳಸುವ ಗಾಡಿಯಲ್ಲಿ, ಗಾಳಿಯ ತೇವವೇ ಅಲ್ಲಿ ಹನಿಗಟ್ಟಿ ಅಂಥ ಕೆನೆಯಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ಲಿನ ಮಟ್ಟ ಏರಿದೆಯೇ, ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಿಂದ (ಸಂಪ್) ಇಳಿಸಿದ ಆಯಿಲ್ಲಿನ ಮೊದಲ ಧಾರೆಯಲ್ಲಿ ನೀರು ಬರುತ್ತದೆಯೇ ಎಂಬುದು ನಿಜವಾದ ಪರೀಕ್ಷೆ. ಇನ್ನು ರೇಡಿಯೇಟರಿನಲ್ಲಿ ಆಯಿಲ್ ತೇಲಿದರೆ, ನೀರಿನಿಂದ ತಂಪಾಗುವ ಆಯಿಲ್ ಕೂಲರ್ ಇರುವ ಎಂಜಿನ್ನಿನಲ್ಲಿ ಮೊದಲು ಅದನ್ನು ಬಿಚ್ಚಿ ನೋಡಬೇಕು. ಆಟೋಮ್ಯಾಟಿಕ್ ಗೇರ್ ಇರುವ ವ್ಯಾನಿನಲ್ಲಿ ಗೇರ್ ಆಯಿಲ್ಲನ್ನು ತಂಪು ಮಾಡುವ ಕೊಳವೆ ರೇಡಿಯೇಟರಿನೊಳಗೇ ಇರಬಹುದು ಎಂಬುದೂ ನೆನಪಿರಲಿ.

ತಣ್ಣಗಿನ ಎಂಜಿನ್ನು ಚಾಲೂ ಆದ ಒಂದೆರಡು ನಿಮಿಷದಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ನೀರು ಇನ್ನೂ ಕಾಯ್ದಿಲ್ಲವಾದ್ದರಿಂದ ಆ ಒತ್ತಡ ಹಬೆಯದಲ್ಲ, ಸಿಲಿಂಡರಿನಿಂದ ಬಂದ ಗಾಳಿಯದು. ರೇಡಿಯೇಟರ್ ಮುಚ್ಚಳ ಸಾಮಾನ್ಯವಾಗಿ 0.9 ಬಾರ್ ಒತ್ತಡ ತಡೆಯುತ್ತದೆ. ಸಿಲಿಂಡರಿನ ಸಂಕೋಚನದ ಒತ್ತಡವೇ 25 ಬಾರ್‌ಗಿಂತ ಹೆಚ್ಚು. ಕೂದಲೆಳೆಯಷ್ಟು ಬಿರುಕು ಸಾಕು, ಗಾಳಿ ನೀರನ್ನು ಹೊರದೂಡುತ್ತದೆ.

ಹೆಡ್ಡು ಬಿಚ್ಚದೆ ಮಾಡುವ ಪರೀಕ್ಷೆಗಳು

ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎಂಬುದು ಎಲ್ಲರಿಗೂ ಗೊತ್ತಿದೆ, ಆದರೂ ಪ್ರತಿ ಬೇಸಿಗೆಯಲ್ಲಿ ಕೈ ಮುಖ ಸುಟ್ಟುಕೊಳ್ಳುವವರಿದ್ದಾರೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ದಾಟುತ್ತಿದ್ದಂತೆ ಕುದಿಯುತ್ತದೆ, ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ 98 ಡಿಗ್ರಿಯ ಆಸುಪಾಸಿನಲ್ಲಿ. ಸರಿಯಾದ ಮುಚ್ಚಳವಿದ್ದಾಗ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ತೆರೆದ ಕ್ಷಣದಲ್ಲಿ ಎಲ್ಲವೂ ಒಮ್ಮೆಗೇ ಕುದಿದು ಮೇಲೆ ಹಾರುತ್ತದೆ. ಇದೇ ಲೆಕ್ಕದಿಂದ, ಸ್ಪ್ರಿಂಗ್ ಸೋತ ಹಳೆಯ ಮುಚ್ಚಳವೊಂದೇ ಘಾಟಿನಲ್ಲಿ ಗಾಡಿ ಕುದಿಯಲು ಸಾಕಾಗುತ್ತದೆ. ಪರೀಕ್ಷೆಗಳಲ್ಲಿ ಮೊದಲನೆಯದು, ಅಗ್ಗದ್ದು, ಮುಚ್ಚಳವನ್ನು ಪ್ರೆಶರ್ ಟೆಸ್ಟರಿಗೆ ಹಾಕಿ ನೋಡುವುದು.

ಎರಡನೆಯದು ಗುಳ್ಳೆಯ ಪರೀಕ್ಷೆ. ಎಂಜಿನ್ನು ತಣ್ಣಗಿರುವಾಗ ವಾಟರ್ ಪಂಪನ್ನು ತಿರುಗಿಸುವ ಬೆಲ್ಟನ್ನು ಕಳಚಿ, ರೇಡಿಯೇಟರನ್ನು ಬಾಯಿಯವರೆಗೆ ತುಂಬಿ, ಎಂಜಿನ್ನನ್ನು ಚಾಲೂ ಮಾಡಿ ಒಂದು ನಿಮಿಷಕ್ಕಿಂತ ಹೆಚ್ಚಾಗದಂತೆ ನಡೆಸಬೇಕು. ಪಂಪ್ ತಿರುಗದೆ ನೀರು ನಿಶ್ಚಲವಾಗಿರುವುದರಿಂದ ಗಾಳಿಯ ಗುಳ್ಳೆಗಳು ಬಂದರೆ ಸ್ಪಷ್ಟವಾಗಿ ಕಾಣುತ್ತವೆ. ಇದರ ಜೊತೆಗೆ ನೀಲಿ ದ್ರಾವಣದ ಪರೀಕ್ಷೆಯೂ ರೂಢಿಯಲ್ಲಿದೆ: ರೇಡಿಯೇಟರಿನ ಬಾಯಿಯ ಗಾಳಿಯನ್ನು ದ್ರಾವಣದ ಮೂಲಕ ಎಳೆದಾಗ, ದಹನದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದನ್ನು ನೀಲಿಯಿಂದ ಹಸಿರಿಗೆ, ಹಳದಿಗೆ ತಿರುಗಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಈ ಪರೀಕ್ಷೆ ಮೋಸ ಮಾಡುವ ಸಾಧ್ಯತೆ ಇದೆ. ಡೀಸೆಲ್ ಎಂಜಿನ್ನು ಸುಮ್ಮನೆ ನಿಂತು ನಡೆಯುವಾಗ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ, ಹೀಗಾಗಿ ಅದರ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ತೀರ ಕಡಿಮೆ. ಬಣ್ಣ ಬದಲಾಗಲಿಲ್ಲ ಎಂಬ ಕಾರಣಕ್ಕೆ ಹೆಡ್ಡು ಸರಿಯಿದೆ ಎನ್ನಲಾಗದು. ಏರು ರಸ್ತೆಯಲ್ಲಿ ಭಾರ ಹಾಕಿ ಓಡಿಸಿ ಬಂದು, ತಣಿಯಲು ಬಿಟ್ಟು, ಮುಚ್ಚಳವನ್ನು ಎಚ್ಚರದಿಂದ ತೆಗೆದ ಬಳಿಕ ಮತ್ತೆ ನೋಡಬೇಕು.

ಬೆಳಿಗ್ಗೆ ಒಂದು ಸಿಲಿಂಡರ್ ಕೈಕೊಡುವ ಗಾಡಿಗೆ ಬೇರೆ ಪರೀಕ್ಷೆ ಬೇಕು. ಸಂಜೆ ಕೂಲಿಂಗ್ ವ್ಯವಸ್ಥೆಗೆ ಕೈಪಂಪಿನಿಂದ 0.9 ಬಾರ್ ಒತ್ತಡ ಕೊಟ್ಟು ರಾತ್ರಿಯೆಲ್ಲ ಬಿಡಬೇಕು. ಬೆಳಿಗ್ಗೆ ಒತ್ತಡ ಇಳಿದಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ನಾಲ್ಕೂ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಡೀಸೆಲ್ ಪಂಪಿನಲ್ಲಿ ಡೀಸೆಲ್ ತಡೆಯುವ ಕಟ್-ಆಫ್ ಸೊಲೆನಾಯ್ಡಿನ ವೈರನ್ನು ತೆಗೆದು, ಆಮೇಲೆ ಸ್ಟಾರ್ಟರ್ ತಿರುಗಿಸಬೇಕು. ಯಾವ ರಂಧ್ರದಿಂದ ನೀರು ಚಿಮ್ಮುತ್ತದೆಯೋ ಆ ಸಿಲಿಂಡರ್ ದೋಷಿ. ಹೀಟರ್ ಪ್ಲಗ್ಗು ಬಿಚ್ಚದೆ ಸ್ಟಾರ್ಟರ್ ತಿರುಗಿಸುವುದು ಅಪಾಯ: ನೀರು ಕುಗ್ಗುವುದಿಲ್ಲ, ಪಿಸ್ಟನ್ ಅದನ್ನು ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೆಡ್ಡಿನ ಖರ್ಚು ಆಗ ಇಡೀ ಎಂಜಿನ್ನಿನ ಖರ್ಚಾಗುತ್ತದೆ.

ಹೀಟರ್ ಪ್ಲಗ್ಗುಗಳು ಹೊರಗಿರುವಾಗಲೇ ಕಂಪ್ರೆಷನ್, ಅಂದರೆ ಸಂಕೋಚನದ ಒತ್ತಡ, ಅಳೆಯಬೇಕು. ಒಂದೊಂದು ಸಿಲಿಂಡರಿನ ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸ ಮುಖ್ಯ. 3 ಬಾರ್‌ಗಿಂತ ಹೆಚ್ಚಿನ ಅಂತರ ಸಹಜವಲ್ಲ. ಪಕ್ಕಪಕ್ಕದ ಎರಡು ಸಿಲಿಂಡರುಗಳೂ ಕಡಿಮೆ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ (ಹೆಡ್ಡು ಮತ್ತು ಬ್ಲಾಕಿನ ನಡುವೆ ಸೋರದಂತೆ ಹಾಸುವ ಹಾಳೆ) ಸುಟ್ಟಿದೆ. ಒಂದೇ ಸಿಲಿಂಡರ್ ಕಡಿಮೆಯಿದ್ದರೆ ವಾಲ್ವು, ರಿಂಗು ಅಥವಾ ಬಿರುಕು ಯಾವುದೂ ಇರಬಹುದು. ಆಗ ಆ ಪಿಸ್ಟನ್ನನ್ನು ಸಂಕೋಚನದ ಕೊನೆಗೆ ಮೇಲಕ್ಕೆ ತಂದು, ಎಂಜಿನ್ನು ತಿರುಗದಂತೆ ಹಿಡಿದು, ಹೀಟರ್ ಪ್ಲಗ್ಗಿನ ರಂಧ್ರದಿಂದ ಕಂಪ್ರೆಸರಿನ ಗಾಳಿ ಬಿಡಬೇಕು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಬಿರುಕು ಅಥವಾ ಗ್ಯಾಸ್ಕೆಟ್, ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವು, ಏರ್ ಫಿಲ್ಟರಿನ ಕಡೆ ಬಂದರೆ ಇನ್ಲೆಟ್ ವಾಲ್ವು, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗು. ಸಿಲಿಂಡರುಗಳು ಒಂದರ ನಂತರ ಒಂದು ಉರಿಯುವ ಪಾಳಿಯ ಕ್ರಮ 1-3-4-2.

ಇಷ್ಟಾದ ಮೇಲೆ ಯಾವ ಸಿಲಿಂಡರಿನಲ್ಲಿ ಏನಾಗಿದೆ ಎಂಬುದು ಬಹುಪಾಲು ಗೊತ್ತಾಗಿರುತ್ತದೆ. ಹೆಡ್ಡು ಇಳಿಸಿದ ನಂತರ ಕಣ್ಣಿಗೆ ಬೀಳುವುದಕ್ಕೂ ಈ ಟಿಪ್ಪಣಿಗೂ ತಾಳೆಯಾಗಬೇಕು. ಆಗದಿದ್ದರೆ ಇನ್ನೂ ಏನೋ ಉಳಿದಿದೆ.

ಹೆಡ್ಡು ಇಳಿಸುವಾಗ

ಎಂಜಿನ್ನು ಪೂರ್ತಿ ತಣಿದಿರಬೇಕು, ಕೈಗೆ ಬೆಚ್ಚಗಿದ್ದರೂ ಬೋಲ್ಟು ಸಡಿಲಿಸಬಾರದು. ಟೈಮಿಂಗ್ ಬೆಲ್ಟಿನ ಗುರುತುಗಳನ್ನು ಹೊಂದಿಸಿದ ಮೇಲೆಯೇ ಬೆಲ್ಟ್ ಕಳಚಬೇಕು. ಹೆಡ್ ಬೋಲ್ಟುಗಳನ್ನು ತುದಿಗಳಿಂದ ನಡುವಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಳಿಸಿದ ಹೆಡ್ಡನ್ನು ಅದರ ಮುಖದ ಮೇಲೆ ನೆಲಕ್ಕೆ ಇಡದೆ ಎರಡು ಕಟ್ಟಿಗೆಯ ತುಂಡುಗಳ ಮೇಲೆ ಇಡುವುದು ಒಳ್ಳೆಯದು.

ತೊಳೆಯುವ ಮೊದಲು ನೋಡಬೇಕು. ಇಲ್ಲಿ ಅವಸರ ಮಾಡುವವರು ಬಹಳ. ಇಳಿಸಿದ ತಕ್ಷಣ ಡೀಸೆಲ್ ಬ್ರಷ್ಷಿನಿಂದ ಎಲ್ಲವನ್ನೂ ತೊಳೆದು ಹೊಳೆಯಿಸಿದರೆ ಸಾಕ್ಷ್ಯವೆಲ್ಲ ಚರಂಡಿಗೆ ಹೋಗುತ್ತದೆ. ಮೂರು ಪಿಸ್ಟನ್ನುಗಳ ತಲೆ ಮಸಿಯಿಂದ ಕಪ್ಪಾಗಿದ್ದು ಒಂದು ಮಾತ್ರ ಸ್ವಚ್ಛವಾಗಿದ್ದರೆ ನೀರಿನ ಹಬೆ ಅದನ್ನು ತೊಳೆದಿದೆ. ಗ್ಯಾಸ್ಕೆಟ್ಟಿನ ಉಕ್ಕಿನ ಬಳೆಯಿಂದ ನೀರಿನ ರಂಧ್ರದವರೆಗೆ ಕಪ್ಪು ಗೆರೆ ಎಳೆದಿದ್ದರೆ ಗಾಳಿ ಹೋದ ದಾರಿ ಅದು. ಗ್ಯಾಸ್ಕೆಟ್ ಎಲ್ಲಿಯೂ ಸುಟ್ಟಿಲ್ಲ, ಆದರೂ ನೀರು ಹೋಗಿದೆ ಎಂದರೆ ಬಿರುಕು ಹೆಡ್ಡಿನೊಳಗಿದೆ. ಬ್ಲಾಕಿನ ಮುಖವನ್ನು, ಸಿಲಿಂಡರಿನ ಒಳಗೋಡೆಯನ್ನು ಕೂಡ ಈ ಹೊತ್ತಿನಲ್ಲಿಯೇ ಪರೀಕ್ಷಿಸಬೇಕು.

ಮುಖಕ್ಕೆ ಅಂಟಿದ ಹಳೆಯ ಗ್ಯಾಸ್ಕೆಟ್ಟನ್ನು ಗ್ರೈಂಡರಿಗೆ ಸಿಕ್ಕಿಸಿದ ಉಜ್ಜುವ ಚಕ್ರದಿಂದ ತೆಗೆಯಬಾರದು. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಕಣ್ಣಿಗೆ ಕಾಣದ ತಗ್ಗುಗಳಾಗುತ್ತವೆ, ಉದುರಿದ ಪುಡಿ ಆಯಿಲ್ಲಿನ ಜೊತೆ ಬೇರಿಂಗ್ ಸೇರುತ್ತದೆ. ಪ್ಲಾಸ್ಟಿಕ್ಕಿನ ಸ್ಕ್ರೇಪರ್ ಮತ್ತು ಗ್ಯಾಸ್ಕೆಟ್ ಕರಗಿಸುವ ದ್ರಾವಣ ಸಾಕು.

ಅಳತೆ ಮತ್ತು ಬಿರುಕಿನ ಪರೀಕ್ಷೆ

ಉದ್ದನೆಯ ಸ್ಟ್ರೈಟ್ ಎಡ್ಜನ್ನು ಹೆಡ್ಡಿನ ಮುಖದ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗಳಿಗೆ ಇಟ್ಟು ಫೀಲರ್ ಗೇಜಿನಿಂದ ಸಂದು ಅಳೆಯಬೇಕು. ಈ ಎಂಜಿನ್ನಿಗೆ 0.05 ಮಿ.ಮೀ. ಒಳಗಿದ್ದರೆ ಸರಿ, 0.2 ಮಿ.ಮೀ. ಮಿತಿ. ಫೇಸಿಂಗ್ ಮಾಡಿ ತೆಗೆಯಬಹುದಾದ ಲೋಹವೂ ಹೆಡ್ಡು ಮತ್ತು ಬ್ಲಾಕ್ ಎರಡೂ ಸೇರಿ 0.2 ಮಿ.ಮೀ. ಮಾತ್ರ. ಹೊಸ ಹೆಡ್ಡಿನ ಎತ್ತರ 94 ಮಿ.ಮೀ. ಆಸುಪಾಸು ಇರುವುದರಿಂದ, ಎತ್ತರ ಅಳೆದರೆ ಹಿಂದೆ ಯಾರಾದರೂ ಫೇಸಿಂಗ್ ಮಾಡಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಮುಖವನ್ನು ಹೆಚ್ಚು ಕೊರೆದರೆ ವಾಲ್ವುಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ, ಸುಳಿಕೋಣೆಯ ಬಾಯಿಬಳೆ ಮುಖಕ್ಕಿಂತ ಮೇಲೆ ನಿಂತುಬಿಡುತ್ತದೆ.

ಬಾಗಿದ ಹೆಡ್ಡಿನ ಕೆಳಮುಖವನ್ನು ಮಾತ್ರ ಸಪಾಟು ಮಾಡಿದರೆ ಕೆಲಸ ಮುಗಿಯಿತು ಎಂದು ತಿಳಿಯುವುದು ದೊಡ್ಡ ತಪ್ಪು. ಹೆಡ್ಡು ಬಾಗಿದ್ದರೆ ಮೇಲಿನ ಕ್ಯಾಮ್ ಶಾಫ್ಟಿನ ಆಸನಗಳೂ ಬಾಗಿರುತ್ತವೆ. ರಾಕರುಗಳನ್ನು ಬಿಟ್ಟು ಕ್ಯಾಮ್ ಶಾಫ್ಟನ್ನು ಮಾತ್ರ ಕೂರಿಸಿ, ಕ್ಯಾಪುಗಳನ್ನು ಬಿಗಿದು, ಕೈಯಿಂದ ತಿರುಗಿಸಬೇಕು. ಸರಾಗವಾಗಿ ತಿರುಗದಿದ್ದರೆ ಆ ಹೆಡ್ಡಿಗೆ ಫೇಸಿಂಗ್ ಉಪಯೋಗವಿಲ್ಲ. ಬೋಲ್ಟಿನ ವಾಷರುಗಳು ಲೋಹದೊಳಗೆ ಹೂತುಹೋಗಿದ್ದರೆ ಅತಿ ಕಾವಿನಿಂದ ಅಲ್ಯೂಮಿನಿಯಂ ತನ್ನ ಗಡಸುತನ ಕಳೆದುಕೊಂಡಿದೆ ಎಂದು ತಿಳಿದು ಆ ಹೆಡ್ಡನ್ನು ಪಕ್ಕಕ್ಕಿಡಬೇಕು.

ಬಿರುಕಿಗೆ ಡೈ ಪೆನೆಟ್ರಂಟ್ ಬಳಸುತ್ತಾರೆ: ಸ್ವಚ್ಛವಾದ ಮುಖಕ್ಕೆ ಕೆಂಪು ದ್ರಾವಣ ಸಿಂಪಡಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹಾಕಿದಾಗ ಬಿರುಕಿನಲ್ಲಿ ಉಳಿದ ಕೆಂಪು ಮೇಲೆ ಬರುತ್ತದೆ. ಇದು ಮುಖದ ಮೇಲಿನ ಬಿರುಕನ್ನಷ್ಟೇ ತೋರಿಸುತ್ತದೆ. ಅದು ನೀರಿನ ದಾರಿಯವರೆಗೆ ಇಳಿದಿದೆಯೇ ಎಂಬುದಕ್ಕೆ ಬಿಸಿನೀರಿನ ಪ್ರೆಶರ್ ಪರೀಕ್ಷೆ ಒಂದೇ ದಾರಿ. ಹೆಡ್ಡಿನ ನೀರಿನ ರಂಧ್ರಗಳನ್ನೆಲ್ಲ ರಬ್ಬರ್ ಮತ್ತು ಪ್ಲೇಟಿನಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, 70ರಿಂದ 80 ಡಿಗ್ರಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು. ತಣ್ಣೀರಿನಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅನೇಕ ಬಿರುಕುಗಳು ಲೋಹ ಕಾಯ್ದಾಗ ಮಾತ್ರ ಬಾಯಿ ತೆರೆಯುತ್ತವೆ. ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಕಡೆ ಫೌಂಡ್ರಿ, ಮಷಿನಿಂಗ್ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಹೆಡ್ಡು ಕೊಡುವಾಗ ಕೆಲಸದ ಕ್ರಮವನ್ನು ಬರೆದು ಕೊಡಬೇಕು. ಮೊದಲು ಬಿಸಿನೀರಿನ ಪರೀಕ್ಷೆ, ಅದರಲ್ಲಿ ಪಾಸಾದರೆ ಮಾತ್ರ ಫೇಸಿಂಗ್, ಕೊನೆಗೆ ವಾಲ್ವ್ ಸೀಟು. ಈ ಕ್ರಮ ತಲೆಕೆಳಗಾದರೆ ಸೀಟು ಕಟಿಂಗಿಗೆ ದುಡ್ಡು ಕೊಟ್ಟ ಮೇಲೆ ಹೆಡ್ಡು ಸೋರುತ್ತದೆ ಎಂಬ ಸುದ್ದಿ ಬರುತ್ತದೆ.

ದುರಸ್ತಿಯೋ, ಹೊಸ ಹೆಡ್ಡೋ

ಎರಡು ವಾಲ್ವ್ ಸೀಟುಗಳ ನಡುವೆ ಕೂದಲೆಳೆಯಂಥ ಸಣ್ಣ ಗೆರೆ ಈ ಬಗೆಯ ಹಳೆಯ ಹೆಡ್ಡುಗಳಲ್ಲಿ ಸಾಮಾನ್ಯ. ಅದು ಸೀಟಿನ ಬಳೆಯ ಕೆಳಗೆ ಇಳಿಯದೆ, ಬಿಸಿನೀರಿನ ಪರೀಕ್ಷೆಯಲ್ಲಿ ಗುಳ್ಳೆ ಬಿಡದಿದ್ದರೆ ಆ ಹೆಡ್ಡು ಇನ್ನೂ ನಡೆಯುತ್ತದೆ. ಸೀಟಿನಿಂದ ಸುಳಿಕೋಣೆಯ ಬಾಯಿಯವರೆಗೆ ಹರಿದ ಬಿರುಕು, ಸೀಟು ಸಡಿಲಾಗಿರುವುದು, ಗುಳ್ಳೆ ಬಿಡುವ ಯಾವುದೇ ಬಿರುಕು, ಇವುಗಳಿಗೆ ರಿಯಾಯಿತಿ ಇಲ್ಲ.

ಅಲ್ಯೂಮಿನಿಯಂ ಹೆಡ್ಡನ್ನು ಆರ್ಗಾನ್ ವೆಲ್ಡಿಂಗ್ ಮಾಡಬಹುದು. ಬಿರುಕನ್ನು ಅದರ ತಳದವರೆಗೆ ಕೊರೆದು ತೆಗೆದು, ಹೆಡ್ಡನ್ನು ಭಟ್ಟಿಯಲ್ಲಿ ಸಮನಾಗಿ ಕಾಯಿಸಿ, ಬೆಸೆದು, ನಿಧಾನವಾಗಿ ತಣಿಸಿ, ಮತ್ತೆ ಮುಖ ಮತ್ತು ಸೀಟುಗಳನ್ನು ಕೊರೆಯಬೇಕು. ನೀರಿನ ಜಾಕೆಟ್ಟಿನ ಹೊರಗೋಡೆಯಲ್ಲಿ, ಮೂಲೆಯಲ್ಲಿ, ತುಕ್ಕಿನಿಂದ ಸವೆದ ನೀರಿನ ರಂಧ್ರದ ಅಂಚಿನಲ್ಲಿ ಇಂಥ ವೆಲ್ಡಿಂಗ್ ಚೆನ್ನಾಗಿ ಬಾಳುತ್ತದೆ. ವಾಲ್ವುಗಳ ನಡುವೆ ಮಾಡಿದ ವೆಲ್ಡಿಂಗನ್ನು ನಾನು ಸಲಹೆ ಮಾಡುವುದಿಲ್ಲ. ಅತ್ಯಂತ ಕಾವಿನ ಆ ಜಾಗದಲ್ಲಿ ಬೆಸುಗೆಯ ಸುತ್ತಲಿನ ಲೋಹ ಮೆತ್ತಗಾಗಿರುತ್ತದೆ, ಬಿರುಕು ಪಕ್ಕದಲ್ಲಿಯೇ ಮತ್ತೆ ಹುಟ್ಟುತ್ತದೆ. ಹತ್ತು ಜನರನ್ನು ಕೂರಿಸಿಕೊಂಡು ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಓಡುವ ವ್ಯಾನಿಗೆ, ಘಾಟು ಹತ್ತುವ ವ್ಯಾನಿಗೆ ಹೊಸ ಹೆಡ್ಡೇ ಸರಿ. ಹೊಸದನ್ನು ತರಿಸುವಾಗ ಎಂಜಿನ್ನಿನ ಹೆಸರು ಹೇಳಿದರೆ ಸಾಲದು. ಟರ್ಬೊ ಇರುವ ಮತ್ತು ಇಲ್ಲದ ಎಂಜಿನ್ನುಗಳ ನಡುವೆ, ವರ್ಷಗಳ ನಡುವೆ ವ್ಯತ್ಯಾಸಗಳಿವೆ. ಹಳೆಯ ಹೆಡ್ಡಿನ ಎರಕದ ಅಂಕಿ, ಹೀಟರ್ ಪ್ಲಗ್ಗಿನ ಥ್ರೆಡ್ಡು, ಮ್ಯಾನಿಫೋಲ್ಡಿನ ಸ್ಟಡ್ಡುಗಳನ್ನು ಹೋಲಿಸಿ, ಗ್ಯಾಸ್ಕೆಟ್ಟನ್ನು ಹೊಸ ಹೆಡ್ಡಿನ ಮೇಲೆ ಹಾಸಿ ರಂಧ್ರಗಳೆಲ್ಲ ಹೊಂದುತ್ತವೆಯೇ ಎಂದು ನೋಡಿದ ನಂತರವೇ ದುಡ್ಡು ಕೊಡಬೇಕು. ಹೊಸ ಹೆಡ್ಡನ್ನೂ ಪ್ರೆಶರ್ ಪರೀಕ್ಷೆಗೆ ಹಾಕಿಸುವುದು ವ್ಯರ್ಥ ಖರ್ಚಲ್ಲ.

ಮೂಲ ಕಾರಣ

ಹೆಡ್ಡು ಅಂಗಡಿಯಲ್ಲಿರುವ ದಿನಗಳನ್ನು ಇದಕ್ಕೆ ಬಳಸಬೇಕು. ವಿಜಯಪುರ, ಬಾಗಲಕೋಟೆ ಭಾಗದ ಬೋರ್‌ವೆಲ್ ನೀರು ಗಡುಸು. ಆ ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂರುವ ಬಿಳಿ ಗಾರೆಯೇ ರೇಡಿಯೇಟರಿನ ಕೊಳವೆಗಳಲ್ಲಿ, ಹೆಡ್ಡಿನ ನೀರಿನ ಜಾಕೆಟ್ಟಿನಲ್ಲಿ ಕೂರುತ್ತದೆ. ಅದು ಕಾವನ್ನು ಲೋಹದಿಂದ ನೀರಿಗೆ ದಾಟಗೊಡುವುದಿಲ್ಲ. ಇಂಥದೇ ಎಂಜಿನ್ನಿನ ಒಂದು ವ್ಯಾನು ವಿಜಯಪುರದ ಕಡೆಯಿಂದ ನಮ್ಮಲ್ಲಿಗೆ ಬಂದಾಗ ಅದರ ಗ್ಯಾಸ್ಕೆಟ್ಟನ್ನು ಬೇರೊಂದು ಗ್ಯಾರೇಜಿನಲ್ಲಿ ಹಲವು ಸಲ ಬದಲಿಸಲಾಗಿತ್ತು, ಥರ್ಮೋಸ್ಟಾಟನ್ನು ತೆಗೆದುಹಾಕಲಾಗಿತ್ತು, ರೇಡಿಯೇಟರನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಬಿಚ್ಚಿದಾಗ ಕೆಳಗಿನ ಸಾಲಿನ ಕೊಳವೆಗಳಲ್ಲಿ ನೀರು ಹನಿಯಷ್ಟೇ ಇಳಿಯುತ್ತಿತ್ತು. ಹೆಡ್ಡಿನ ಬಿರುಕಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ರೇಡಿಯೇಟರನ್ನು ಹೊರಗೆ ತೆಗೆದು ಎರಡೂ ಕಡೆಯಿಂದ ನೀರು ಬಿಟ್ಟು ನೋಡಬೇಕು. ಹೊರಗಿನ ಜಾಲರಿಯಲ್ಲಿ ಕಬ್ಬಿನ ರವದಿ, ಹತ್ತಿಯ ಎಳೆ, ಕೆಸರು ತುಂಬಿದ್ದರೆ ಹಿಂದಿನಿಂದ ಮುಂದಕ್ಕೆ, ಮೆಲ್ಲನೆಯ ಒತ್ತಡದ ನೀರಿನಿಂದ ತೊಳೆಯಬೇಕು. ವಾಟರ್ ಪಂಪಿನ ರೆಕ್ಕೆಗಳು ಸವೆದಿವೆಯೇ ಎಂಬುದನ್ನು ಬಿಚ್ಚಿ ನೋಡದೆ ಹೇಳಲಾಗದು. ವಿಸ್ಕಸ್ ಫ್ಯಾನ್ ಬಿಸಿ ಎಂಜಿನ್ನಿನಲ್ಲಿಯೂ ನಿಲ್ಲಿಸಿದ ಕೂಡಲೇ ಕೈಗೆ ಸಲೀಸಾಗಿ ತಿರುಗಿದರೆ ಅದು ಸತ್ತಿದೆ.

ಥರ್ಮೋಸ್ಟಾಟನ್ನು ಕಿತ್ತು ಹಾಕಿದರೆ ಗಾಡಿ ತಂಪಾಗಿರುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬೇರೂರಿದೆ. ಬೈಪಾಸ್ ಇರುವ ಎಂಜಿನ್ನುಗಳಲ್ಲಿ ಬೈಪಾಸಿನ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟಿನ ಕೆಲಸವೇ. ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಎಂಜಿನ್ನಿಗೆ ಮರಳುತ್ತದೆ. ಹಳೆಯದನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ, ಅದರ ಮೇಲೆ ಒತ್ತಿದ ಡಿಗ್ರಿಯಲ್ಲಿ ತೆರೆಯತೊಡಗುತ್ತದೆಯೇ ಎಂದು ನೋಡುವುದು ಸುಲಭ. ಹೆಡ್ಡು ಬದಲಿಸುವಾಗ ಹೊಸದನ್ನೇ ಹಾಕುವುದು ಇನ್ನೂ ಒಳ್ಳೆಯದು.

ಏರಿನಲ್ಲಿ ದಟ್ಟ ಕಪ್ಪು ಹೊಗೆ ಬಿಡುತ್ತಿದ್ದ ಗಾಡಿಯಾದರೆ ಡೀಸೆಲ್ ಪಂಪಿನ ಸ್ಕ್ರೂವನ್ನು ಯಾರೋ ತಿರುಗಿಸಿದ್ದಾರೆ. ಪಿಕಪ್ ಹೆಚ್ಚಲಿ ಎಂದು ಮಾಡಿದ ಆ ಅರ್ಧ ಸುತ್ತು ಸುಳಿಕೋಣೆಯ ಕಾವನ್ನು ಹೆಡ್ಡು ತಾಳಲಾರದಷ್ಟು ಏರಿಸುತ್ತದೆ. ಪಂಪ್ ಮತ್ತು ನಾಜಲ್ಲುಗಳನ್ನು ಪಂಪ್ ಸರ್ವಿಸಿನವರ ಬೆಂಚಿನ ಮೇಲೆ ಪರೀಕ್ಷಿಸಿ ತಂದ ನಂತರವೇ ಜೋಡಣೆಗೆ ಕೈ ಹಾಕಬೇಕು.

ಜೋಡಣೆ

ಪಿಸ್ಟನ್ನುಗಳು ಬ್ಲಾಕಿನ ಮುಖಕ್ಕಿಂತ ಎಷ್ಟು ಮೇಲೆ ಬರುತ್ತವೆ ಎಂಬುದನ್ನು ಡಯಲ್ ಗೇಜಿನಿಂದ ಅಳೆದು, ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಸಿಗುವ ಎಂಜಿನ್ನಿಗೆ ಆ ಅಳತೆಯ ಪ್ರಕಾರ ಆರಿಸಬೇಕು. ದಪ್ಪವನ್ನು ಅಂಚಿನಲ್ಲಿರುವ ಕಚ್ಚುಗಳು ಸೂಚಿಸುತ್ತವೆ. ಬೋಲ್ಟಿನ ರಂಧ್ರಗಳಲ್ಲಿ ಉಳಿದ ನೀರು, ಆಯಿಲ್ ಎರಡನ್ನೂ ಗಾಳಿಯಿಂದ ಹೊರಹಾಕಬೇಕು, ಇಲ್ಲದಿದ್ದರೆ ಬೋಲ್ಟು ಬಿಗಿಯುವಾಗ ಬ್ಲಾಕೇ ಸೀಳಬಹುದು. ಈ ಎಂಜಿನ್ನಿನಲ್ಲಿ ಬೋಲ್ಟುಗಳ ಎರಡು ಪದ್ಧತಿಗಳಿವೆ: ಹಳೆಯವು ಟಾರ್ಕಿನಿಂದ (ತಿರುಗಿಸುವ ಬಲದ ಅಳತೆ) ಮಾತ್ರ ಬಿಗಿಯುವಂಥವು, ನಂತರದವು ಸ್ವಲ್ಪ ಟಾರ್ಕ್ ಕೊಟ್ಟು ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸುವಂಥವು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು. ಆಯಾ ವರ್ಷದ ಎಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಯನ್ನೇ ಅನುಸರಿಸಿ, ನಡುವಿನಿಂದ ತುದಿಗಳ ಕಡೆಗೆ, ಹಂತ ಹಂತವಾಗಿ ಬಿಗಿಯಬೇಕು. ಕೈಯಂದಾಜಿಗೆ ಇಲ್ಲಿ ಅವಕಾಶವಿಲ್ಲ. ಉದ್ದ ಹಿಗ್ಗಿದ ಬೋಲ್ಟುಗಳನ್ನು ಮತ್ತೆ ಹಾಕಬಾರದು.

ಟೈಮಿಂಗ್ ಬೆಲ್ಟ್, ಬ್ಯಾಲೆನ್ಸ್ ಶಾಫ್ಟಿನ ಸಣ್ಣ ಬೆಲ್ಟ್, ಅವುಗಳ ಟೆನ್ಷನರ್ ಎಲ್ಲವನ್ನೂ ಹೊಸದಾಗಿ ಹಾಕಿ, ಎಂಜಿನ್ನನ್ನು ಪಾನಾದಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಹೊಂದುತ್ತವೆಯೇ ಎಂದು ನೋಡಬೇಕು. ವಾಲ್ವ್ ಸಂದು ತಣ್ಣಗಿರುವಾಗ 0.15 ಮಿ.ಮೀ., ಬಿಸಿಯಿರುವಾಗ 0.25 ಮಿ.ಮೀ.

ನೀರು ತುಂಬುವುದು ಮತ್ತು ಓಡಿಸಿ ನೋಡುವುದು

ಕೊಳವೆಗಳು ಉದ್ದವಿರುವ ಈ ವ್ಯಾನುಗಳಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಬಹಳ ಸುಲಭ, ಹೊಸ ಹೆಡ್ಡು ಮೊದಲ ದಿನವೇ ಸುಡುವುದಕ್ಕೆ ಅದೇ ಮುಖ್ಯ ಕಾರಣ. ಗಾಡಿಯ ಮುಂಭಾಗವನ್ನು ಎತ್ತಿ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಹೀಟರುಗಳ ನಾಬನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲಂಟನ್ನು ನಿಧಾನವಾಗಿ ಸುರಿಯಬೇಕು. ಎಂಜಿನ್ನು ಕಾಯ್ದು ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ, ಕ್ಯಾಬಿನ್ನಿನೊಳಗೆ ಎರಡೂ ಹೀಟರುಗಳಿಂದ ಬಿಸಿ ಗಾಳಿ ಬರುವವರೆಗೆ ಮಟ್ಟವನ್ನು ತುಂಬುತ್ತಲೇ ಇರಬೇಕು. ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಒಳಗೆ ಇನ್ನೂ ಗಾಳಿ ಇದೆ.

ಮೊದಲು ಭಾರವಿಲ್ಲದೆ ಊರೊಳಗೆ ಓಡಿಸಿ, ರಾತ್ರಿ ತಣಿಯಲು ಬಿಟ್ಟು, ಬೆಳಿಗ್ಗೆ ರೇಡಿಯೇಟರ್ ಮತ್ತು ಆಯಿಲ್ಲಿನ ಮಟ್ಟ ನೋಡಬೇಕು. ಅದಾದ ಮೇಲೆ ಭಾರ ಹಾಕಿ ಏರು ರಸ್ತೆಗೆ ಒಯ್ಯಬೇಕು. ವಂಟಮೂರಿ ಘಾಟು ಬೆಳಗಾವಿಗೆ ಹತ್ತಿರವಿರುವುದರಿಂದ ತೊಂದರೆ ಕಂಡರೆ ಗಾಡಿಯನ್ನು ಮರಳಿ ತರುವುದು ಸುಲಭ. ಏರಿನ ತುದಿಯಲ್ಲಿ ಮುಳ್ಳು ಎಲ್ಲಿತ್ತು, ಮೇಲಿನ ಹೋಸ್ ಎಷ್ಟು ಗಟ್ಟಿಯಾಗಿತ್ತು, ರಿಸರ್ವಾಯರ್ ಡಬ್ಬಿಯಲ್ಲಿ ಗುಳ್ಳೆ ಎದ್ದಿತೇ ಎಂಬುದನ್ನು ಬರೆದಿಡಬೇಕು. ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿಯಲು ಆ ಎಂಜಿನ್ನಿನ ಕೈಪಿಡಿ ಹೇಳಿದ್ದರೆ ಮಾತ್ರ ಬಿಗಿಯಬೇಕು. ನೀರು ಇಳಿದಾಗ ಕೂಗುವ ಮಟ್ಟದ ಅಲಾರಂ ಒಂದನ್ನು ರೇಡಿಯೇಟರಿನ ಮೇಲಿನ ತೊಟ್ಟಿಗೆ ಹಾಕಿಸಿ, ಹೀಟರಿನ ಹಿಂದಿನ ಕೊಳವೆಗಳನ್ನು ಬಳಸುವ ಅಗತ್ಯವೇ ಇಲ್ಲದಿದ್ದರೆ ಅವನ್ನು ಎಂಜಿನ್ನಿನ ಹತ್ತಿರವೇ ಸೇರಿಸಿ ಮುಚ್ಚಿ ಕೊಟ್ಟರೆ ಗಾಡಿಯನ್ನು ಮಾಲೀಕರಿಗೆ ಒಪ್ಪಿಸಬಹುದು.